ಅರ್ಥಗಾರಿಕೆಯ ಕಾವು

ಕಳೆದ ವರ್ಷ ಆಷಾಢದ ಒಂದು ಶನಿವಾರ ಸಂಜೆ ನಮ್ಮ ಕಾಲೇಜಿನ ಕನ್ನಡ ಸಂಘದ ಆಶ್ರಯದಲ್ಲಿ ತಾಳಮದ್ದಲೆಯೊಂದು ಜರುಗಿತು. ಪ್ರಸಂಗ ವಾಲಿವಧೆ. ಅದನ್ನು ಏರ್ಪಡಿಸಿದವನು ನಾನು. ಅರ್ಥಧಾರಿಗಳನ್ನು ಆರಿಸಿದವನೂ ನಾನೇ. ಆ ಸಂಜೆ ಸಭೆಯಲ್ಲಿ ಹೊತ್ತಿಕೊಂಡ ಜಗಳವೂ ಅದು ಆರಿದ ಬಗೆಯೂ ಈ ಒಂದು ವರ್ಷದಲ್ಲಿ ನನ್ನ ಮನಸ್ಸನ್ನು ಬಿಟ್ಟು ಹೋಗಿಲ್ಲ. ಈಗ ಮತ್ತೊಂದು ಮಳೆಗಾಲ ಬಂದಿದೆ. ಊರೂರಿನ ಸಂಘಗಳು ಕರಪತ್ರ ಅಚ್ಚು ಹಾಕಿಸುತ್ತಿವೆ. ಇಂಥ ಹೊತ್ತಿನಲ್ಲಿ ಈ ಪುಟದ ಜಾಗವನ್ನು ಆ ಒಂದು ಸಂಜೆಯ ವಿಚಾರಕ್ಕಾಗಿ ಬಳಸಿಕೊಂಡರೆ ವಾಚಕರು ತಪ್ಪು ತಿಳಿಯಲಾರರೆಂದು ನಂಬಿದ್ದೇನೆ.

ತಾಳಮದ್ದಲೆಯನ್ನು ಕೇಳದ ಬಯಲುಸೀಮೆಯ ವಾಚಕರೂ ಇರುವುದರಿಂದ ಮೊದಲು ಎರಡು ಮಾತು. ಬಯಲಾಟದಿಂದ ವೇಷವನ್ನೂ ಕುಣಿತವನ್ನೂ ಕಳೆದರೆ ಉಳಿಯುವುದು ತಾಳಮದ್ದಲೆ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಮದ್ದಲೆ, ಚೆಂಡೆ, ಶ್ರುತಿಗಳು ಜೊತೆಗಿರುತ್ತವೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯವನ್ನು ಆಧಾರವಾಗಿಟ್ಟುಕೊಂಡು, ಪಾತ್ರವೇ ತಾವಾಗಿ, ಆಶುವಾಗಿ ಮಾತನಾಡುತ್ತಾರೆ. ಪದ್ಯ ಎಂದೋ ಬರೆದಿಟ್ಟದ್ದು. ಮಾತು ಮಾತ್ರ ಆ ಕ್ಷಣದಲ್ಲಿ ಹುಟ್ಟತಕ್ಕದ್ದು. ಎದುರಿನವನು ಯಾವ ಪ್ರಶ್ನೆ ಹಾಕುವನೋ ಇವನಿಗೆ ತಿಳಿಯದು. ಇವನ ಉತ್ತರ ಎತ್ತ ಹೊರಳುವುದೋ ಭಾಗವತರಿಗೂ ತಿಳಿಯದು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಹೊರಗೆ ಜಡಿಮಳೆ ಹೊಯ್ಯುತ್ತಿರುವಾಗ, ಕರಾವಳಿ ಮಲೆನಾಡುಗಳ ಮನೆಗಳ ಚಾವಡಿಯಲ್ಲಿ, ದೇವಸ್ಥಾನಗಳಲ್ಲಿ ಈ ಕಲೆ ಬೆಳೆಯಿತು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಕುಂಬಳೆ ಸುಂದರ ರಾಯರು (1934–2022) ಮೊದಲಾದವರ ವಾಗ್ವೈಭವವನ್ನು ಕೇಳಿದವರು ಇಂದಿಗೂ ಅದನ್ನು ನೆನೆದು ಮಾತು ನಿಲ್ಲಿಸುತ್ತಾರೆ.

ಇಲ್ಲಿ ಕೇಳುವವನು ದೂರದ ಕತ್ತಲೆಯಲ್ಲಿ ಕುಳಿತವನಲ್ಲ. ಪರದೆಯಿಲ್ಲ, ಅರ್ಥಧಾರಿಗೂ ಮುಂದಿನ ಸಾಲಿನ ಚಾಪೆಗೂ ನಡುವೆ ಒಂದು ಮಾರು ಅಂತರವಿದ್ದರೆ ಹೆಚ್ಚು. ಶ್ರೋತೃ ತಲೆದೂಗಿದರೆ ಮಾತು ಚಿಗುರುತ್ತದೆ, ಆಕಳಿಸಿದರೆ ಬಾಡುತ್ತದೆ, ನಕ್ಕರೆ ಅತ್ತಲೇ ತಿರುಗುತ್ತದೆ. ಆಡುವವನಿಗೂ ಕೇಳುವವನಿಗೂ ಒಂದೇ ಗಾಳಿ, ಒಂದೇ ಬಿಸಿ. ಪ್ರೇಕ್ಷಕರನ್ನು ಆಟದ ಒಳಕ್ಕೆ ಎಳೆದುಕೊಳ್ಳುವ ರಂಗಪ್ರಯೋಗಗಳನ್ನು ಹೊಸ ಸಂಗತಿಯೆಂದು ಈಚೆಗೆ ಬರೆಯುತ್ತಿರುವವರು ಒಮ್ಮೆ ದೇವೀಮಾಹಾತ್ಮ್ಯೆಯ ಆಟವನ್ನು ನೋಡಬೇಕು. ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬಾರದೆ ಸಭೆಯ ಬೆನ್ನ ಹಿಂದಿನಿಂದ, ಉರಿಯುವ ಪಂಜುಗಳ ನಡುವೆ, ಆರ್ಭಟಿಸುತ್ತ ಬರುತ್ತಾನೆ. ಮಕ್ಕಳು ತಾಯಂದಿರ ಮಡಿಲಿಗೆ ನುಗ್ಗುತ್ತಾರೆ. ಜನ ಎದ್ದು ದಾರಿ ಬಿಡುತ್ತಾರೆ. ಆ ಗದ್ದಲದಲ್ಲಿಯೂ ಪಂಜು ಹಿಡಿದವರು ಎಲ್ಲಿ ನಿಲ್ಲಬೇಕು, ರಾಳ ಎಲ್ಲಿ ಎರಚಬೇಕು ಎಂಬುದಕ್ಕೆಲ್ಲ ಕಟ್ಟುಪಾಡುಂಟು. ಕಾವು ಹೆಚ್ಚಾದಷ್ಟೂ ಕಟ್ಟು ಬಿಗಿಯಾಗಿರಬೇಕೆಂಬುದನ್ನು ನಮ್ಮ ಮೇಳದವರು ಪುಸ್ತಕ ನೋಡಿ ಕಲಿತವರಲ್ಲ.

ನಾನು ಆ ಕಟ್ಟನ್ನು ಸಡಿಲಿಸಿದೆ. ವಾಲಿಯ ಅರ್ಥಕ್ಕೆ ಕರೆದಿದ್ದವರು ಎಪ್ಪತ್ತು ದಾಟಿದ ಹಿರಿಯರು. ರಾಮನ ಅರ್ಥಕ್ಕೆ ಮೂವತ್ತೈದರ ಆಸುಪಾಸಿನ ತರುಣರು, ಸಂಸ್ಕೃತದಲ್ಲಿ ಗಟ್ಟಿಗರು. ಇಬ್ಬರ ಹೆಸರೂ ಇಲ್ಲಿ ಬೇಡ. ಸಭೆ ತುಂಬಬೇಕು, ಹುಡುಗರು ಬರಬೇಕು ಎಂಬ ಆಸೆ ನನಗೆ. ಹಿರಿಯರ ಮನೆಗೆ ಹೋದಾಗ, "ಹೊಸಬರು ನಿಮ್ಮ ವಾಲಿಗೆ ಉತ್ತರ ಸಿದ್ಧ ಮಾಡಿಕೊಂಡು ಬರುತ್ತಾರಂತೆ" ಎಂದೆ. ತರುಣರೊಡನೆ ಫೋನಿನಲ್ಲಿ, "ಹಿರಿಯರು ಈ ಸಲ ರಾಮನನ್ನು ಏಳಗೊಡುವುದಿಲ್ಲವಂತೆ" ಎಂದೆ. ಎರಡೂ ಪೂರ್ತಿ ಸುಳ್ಳಲ್ಲ, ಎರಡೂ ನಿಜವಲ್ಲ. ನಮ್ಮ ವಿದ್ಯಾರ್ಥಿಗಳು ಕರಪತ್ರದಲ್ಲಿ ಇಬ್ಬರ ಹೆಸರುಗಳ ನಡುವೆ ಎರಡು ಕತ್ತಿಗಳ ಚಿತ್ರ ಹಾಕಿ ‘ವಾಗ್ಯುದ್ಧ’ ಎಂದು ದಪ್ಪಕ್ಷರದಲ್ಲಿ ಬರೆದು ತಂದರು. ಚೆನ್ನಾಗಿದೆಯೆಂದು ನಕ್ಕು ರುಜು ಹಾಕಿಕೊಟ್ಟೆ.

ಮುನ್ನೂರು ಜನ ಸೇರಿದ್ದರು. ಮೊದಲ ಮುಕ್ಕಾಲು ಗಂಟೆ ನಾನು ಕೇಳಿದ ಅತ್ಯುತ್ತಮ ಅರ್ಥಗಳಲ್ಲಿ ಒಂದು. ಎದೆಗೆ ಬಾಣ ತಾಗಿ ನೆಲಕ್ಕುರುಳಿದ ವಾಲಿ ಕೇಳುತ್ತಾನೆ: ನನಗೂ ನಿನಗೂ ಏನು ವೈರ? ಅಣ್ಣತಮ್ಮಂದಿರ ಜಗಳದಲ್ಲಿ ನಿನಗೇನು ಕೆಲಸ? ಮರೆಯಲ್ಲಿ ನಿಂತು ಹೊಡೆಯುವುದು ರಘುಕುಲದ ಯಾವ ಪಾಠ? ರಾಮ ತಮ್ಮನ ಹೆಂಡತಿಯ ವಿಚಾರವನ್ನೆತ್ತಿ, ರಾಜಧರ್ಮವನ್ನೆತ್ತಿ ಉತ್ತರಿಸುತ್ತಾನೆ. ಪ್ರತಿಯೊಂದು ಉತ್ತರದಿಂದಲೂ ಹೊಸ ಪ್ರಶ್ನೆ ಹುಟ್ಟುತ್ತಿತ್ತು. ಅಷ್ಟರಲ್ಲಿ ಹಿರಿಯರು ಒಂದು ಶ್ಲೋಕವನ್ನು ಹೇಳುವಾಗ ವಿಭಕ್ತಿ ಜಾರಿತು. ವಯಸ್ಸು, ಯಾರಿಗಾದರೂ ಆಗುವಂಥದು. ರಾಮ ಮುಗುಳ್ನಕ್ಕು, "ಕಿಷ್ಕಿಂಧೆಯಲ್ಲಿ ವ್ಯಾಕರಣದ ಪಾಠವಿಲ್ಲವೇನು, ವಾಲಿ?" ಎಂದ. ಹಿಂದಿನ ಸಾಲಿನಿಂದ ಒಂದು ಶಿಳ್ಳೆ ಕೇಳಿಸಿತು.

ಈ ಮಾತಿಗೆ ಉತ್ತರವಿರಲಿಲ್ಲವೆ? ಹನುಮಂತ ಇದ್ದ ಊರಲ್ಲವೆ ಕಿಷ್ಕಿಂಧೆ! ವಾಲ್ಮೀಕಿಯ ರಾಮನೇ ಮೊದಲ ಭೇಟಿಯಲ್ಲಿ ಆ ಹನುಮಂತನ ವ್ಯಾಕರಣಶುದ್ಧಿಯನ್ನು ಲಕ್ಷ್ಮಣನೆದುರು ಹೊಗಳಿದ್ದಾನೆ. ಅದನ್ನೊಂದು ನೆನಪಿಸಿದ್ದರೆ ರಾಮನೇ ಮೊದಲಾಗಿ ಸಭೆಯೆಲ್ಲ ನಗುತ್ತಿತ್ತು, ಪ್ರಸಂಗ ಮುಂದೆ ಸಾಗುತ್ತಿತ್ತು. ಬೇರೆ ದಿನವಾಗಿದ್ದರೆ ಆ ಹಿರಿಯರ ಬಾಯಿಂದ ಅದು ತಾನಾಗಿ ಬರುತ್ತಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅವರು ಅಂದು ರಾಮನಿಗೆ ಉತ್ತರ ಕೊಡಲಿಲ್ಲ. ಆ ಶಿಳ್ಳೆಗೆ ಕೊಟ್ಟರು. "ದೊಡ್ಡವರೆದುರು ಹೇಗೆ ಮಾತನಾಡಬೇಕೆಂದು ಹೇಳಿಕೊಡಲು ತಂದೆ ಉಳಿದಿಲ್ಲವಲ್ಲ, ಪಾಪ" ಎಂದರು.

ದಶರಥ ತೀರಿಕೊಂಡಿದ್ದಾನೆ, ಆದುದರಿಂದ ಮೇಲ್ನೋಟಕ್ಕೆ ಅದು ರಾಮನಿಗೇ ಸಲ್ಲುವ ಮಾತು. ಆದರೆ ಆ ತರುಣರ ತಂದೆ, ಅವರೂ ಅರ್ಥಧಾರಿ, ಈ ಹಿರಿಯರ ಬಹುಕಾಲದ ಜೊತೆಗಾರ, ಹಿಂದಿನ ವರ್ಷವಷ್ಟೇ ಗತಿಸಿದ್ದರು. ಸಭೆಯಲ್ಲಿ ಅರ್ಧದಷ್ಟು ಜನಕ್ಕೆ ಅದು ಗೊತ್ತಿತ್ತು. ತರುಣರ ಮುಖ ಕೆಂಪಾಯಿತು. ಎದುರಿನ ಧ್ವನಿವರ್ಧಕವನ್ನು ಪಕ್ಕಕ್ಕೆ ತಳ್ಳಿ, "ನನ್ನ ತಂದೆಯವರ ಹೆಸರನ್ನು ನೀವು ಎತ್ತಬೇಡಿ" ಎಂದರು.

ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಆ ‘ನೀವು’ ಎಂಬ ಪದ ಅಷ್ಟು ಭಯಂಕರವಾಗಿ ಎಂದೂ ಕೇಳಿಸಿರಲಿಲ್ಲ. ಅರ್ಥದಲ್ಲಿ ವಾಲಿಗೆ ರಾಮ ‘ನೀನು’; ರಾಮನಿಗೆ ವಾಲಿ ‘ನೀನು’. ಮೊಮ್ಮಗನ ವಯಸ್ಸಿನ ಹುಡುಗ ಕೃಷ್ಣನಾಗಿ ಅಜ್ಜನ ವಯಸ್ಸಿನ ಕೌರವನನ್ನು ಏಕವಚನದಲ್ಲಿ ಜರೆಯಬಹುದು. ಚೌಕಿಗೆ ಬಂದೊಡನೆ ಕಾಲು ಮುಟ್ಟಬಹುದು. ಆ ಏಕವಚನ ಇಬ್ಬರನ್ನೂ ಕಾಪಾಡುವ ಕವಚ. ಬಹುವಚನ ಬಂದೊಡನೆ ರಾಮ ಹೊರಟುಹೋದ, ವಾಲಿ ಹೊರಟುಹೋದ, ಉಳಿದವರು ನೋವು ತಿಂದ ಇಬ್ಬರು ಮನುಷ್ಯರು. ಹಿರಿಯರು ಅರ್ಧ ಎದ್ದು ನಿಂತಿದ್ದರು. ಸಭೆಯಲ್ಲಿ ಎರಡು ಪಂಗಡಗಳಾಗಿ ಕೂಗು ಹುಟ್ಟಿತು. "ಬಿಡಬೇಡಿ!" ಎಂದು ಯಾರೋ ಅರಚಿದರು, ಯಾರು ಯಾರನ್ನು ಬಿಡಬಾರದೋ ದೇವರೇ ಬಲ್ಲ.

ನಾನು ಧ್ವನಿವರ್ಧಕದ ಕಡೆಗೆ ಓಡಿದೆ. ಶಾಂತಿಯಿಂದಿರಬೇಕೆಂದು ಕೇಳಿಕೊಳ್ಳುವುದೂ ಹತ್ತು ನಿಮಿಷ ವಿರಾಮ ಘೋಷಿಸುವುದೂ ನನ್ನ ಯೋಚನೆ. ಭಾಗವತರು ತಲೆಯೆತ್ತದೆ ಎಡಗೈಯನ್ನು ಸ್ವಲ್ಪ ಮೇಲಕ್ಕೆತ್ತಿ ಕೂರುವಂತೆ ಸನ್ನೆ ಮಾಡಿದರು. ಆಮೇಲೆ ಮದ್ದಲೆಯವರ ಮೊಣಕಾಲನ್ನು ಮುಟ್ಟಿದರು, ಮದ್ದಲೆ ನಿಂತಿತು. ತಾಳವನ್ನು ಮಡಿಲಲ್ಲಿಟ್ಟರು. ಬರಿಯ ಶ್ರುತಿಯ ಮೇಲೆ, ಕೆಳಗಿನ ಸ್ಥಾಯಿಯಲ್ಲಿ, ಒಂದು ಭಾಮಿನಿಯನ್ನು ಎತ್ತಿದರು.

ಭಾಮಿನಿಯನ್ನು ತಾಳವಿಲ್ಲದೆ ಹಾಡುವುದು ವಾಡಿಕೆ. ಬಡಿತವಿಲ್ಲದ ಕಡೆ ಕಾಲು ಕುಣಿಯದು, ಚಪ್ಪಾಳೆ ಕೂಡದು. ಮೊದಲ ಸಾಲು ಗದ್ದಲದಲ್ಲಿ ಮುಳುಗಿತು. ಅವರು ದನಿಯನ್ನು ಏರಿಸಲಿಲ್ಲ, ಇನ್ನಷ್ಟು ತಗ್ಗಿಸಿದರು. ಕೇಳಬೇಕಾದರೆ ಸುಮ್ಮನಾಗಲೇಬೇಕಾದಷ್ಟು ತಗ್ಗಿಸಿದರು. ಆರು ಸಾಲಿನ ಆ ಪದ್ಯಕ್ಕೆ ನಾಲ್ಕೈದು ನಿಮಿಷ ಹಿಡಿದಿರಬೇಕು. ಮೂರನೆಯ ಸಾಲಿಗೆ ಹಿರಿಯರು ಕುಳಿತರು. ಕೊನೆಯ ಸಾಲಿಗೆ ಮಳೆಯ ಸದ್ದು ಕೇಳಿಸುತ್ತಿತ್ತು. ಪದ್ಯ ಮುಗಿಸಿ ಭಾಗವತರು, ಪಕ್ಕದವನೊಡನೆ ಮಾತನಾಡುವ ದನಿಯಲ್ಲಿ, "ವಾನರೇಂದ್ರಾ, ಬಾಣ ನಾಟಿದೆಯಲ್ಲ, ಬಹಳ ಉರಿಯೇ?" ಎಂದರು. ಏಕವಚನ ಹಿಂದಿರುಗಿತು.

ಹಿರಿಯರು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ಬಳಿಕ, "ರಾಘವಾ, ಸಾಯುವವನ ನಾಲಿಗೆಗೆ ಹತೋಟಿ ಇರದು. ನಿನ್ನ ತಂದೆಯನ್ನು ನಾನು ಬಲ್ಲೆ. ಅಂಥವನ ಮಗನ ಕೈಯಲ್ಲಿ ಸಾಯುವುದು ನನಗೆ ಕುಂದಲ್ಲ" ಎಂದರು. ವಾಲಿ ದಶರಥನನ್ನು ಕಂಡಿದ್ದನೆಂದು ಯಾವ ರಾಮಾಯಣದಲ್ಲಿಯೂ ನಾನು ಓದಿದ ನೆನಪಿಲ್ಲ. ಅಂದು ಯಾರೂ ಆಕ್ಷೇಪಿಸಲಿಲ್ಲ. ರಾಮನಿಂದ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಹೊರಟಾಗ ದನಿ ಒಡೆದಿತ್ತು. "ವಾಲೀ, ನಿನ್ನ ಮಗ ಅಂಗದ ಇನ್ನು ಮೇಲೆ ನನ್ನವನು" ಎಂದ. ಅಂಗದನನ್ನು ಒಪ್ಪಿಸುವ ಮಾತು ಕಥೆಯಲ್ಲಿ ಇರತಕ್ಕದ್ದೇ. ಅದನ್ನು ನೂರು ಸಲ ಕೇಳಿದ್ದೇನೆ. ಅಂದು ಕೇಳಿದ ಹಾಗೆ ಕೇಳಿಲ್ಲ.

ಊಟದ ಹೊತ್ತಿಗೆ ಭಾಗವತರ ಪಕ್ಕದಲ್ಲಿ ಕುಳಿತು, ಆ ಭಾಮಿನಿ ಪ್ರಸಂಗದ ಯಾವ ಭಾಗದ್ದೆಂದು ವಿಚಾರಿಸಿದೆ. "ಆ ಪ್ರಸಂಗದ್ದೇ ಅಲ್ಲ; ಬಾಯಿಗೆ ಬಂದದ್ದು" ಎಂದರು. ಸಾರಿನ ಅನ್ನ ಕಲಸುತ್ತ, ನನ್ನ ಕಡೆ ನೋಡದೆ, "ಮಾಷ್ಟ್ರೇ, ಇಬ್ಬರಿಗೂ ಏನು ಹೇಳಿ ಕರಕೊಂಡು ಬಂದಿರಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ಘಟನೆ ಅಲ್ಲಿಗೆ ಮುಗಿದಿದ್ದರೆ ಇದೊಂದು ಸವಿನೆನಪಾಗುತ್ತಿತ್ತು. ವಿದ್ಯಾರ್ಥಿಯೊಬ್ಬ ತನ್ನ ಮೊಬೈಲಿನಲ್ಲಿ ಜಗಳದ ಭಾಗವನ್ನು ಚಿತ್ರಿಸಿಕೊಂಡಿದ್ದ. ಶಿಳ್ಳೆಯಿಂದ ಹಿಡಿದು "ಎತ್ತಬೇಡಿ" ಎಂಬಲ್ಲಿಯವರೆಗೆ. ಒಂದು ನಿಮಿಷಕ್ಕೂ ಕಡಿಮೆ. ಬೆಳಗಾಗುವುದರೊಳಗೆ ಅದು ಊರೂರು ಸುತ್ತಿತ್ತು. ಭಾಮಿನಿ ಅದರಲ್ಲಿರಲಿಲ್ಲ, ಅಂಗದನೂ ಇರಲಿಲ್ಲ. ನೋಡಿದವರ ಪಾಲಿಗೆ ಆ ಜಗಳ ಇಂದಿಗೂ ಮುಗಿದಿಲ್ಲ. ಹಿರಿಯರು ಆ ಮಳೆಗಾಲದಲ್ಲಿ ಮತ್ತೆ ಯಾವ ಕರೆಯನ್ನೂ ಒಪ್ಪಿಕೊಳ್ಳಲಿಲ್ಲ. ತರುಣರಿಗೆ ಕರೆಗಳು ಹೆಚ್ಚಿದುವು. ಕರೆದವರು "ಆ ದಿನದ ಹಾಗೆ ಸ್ವಲ್ಪ ಖಾರ ಇರಲಿ" ಎನ್ನುತ್ತಿದ್ದರೆಂದು ಅವರೇ ಜುಗುಪ್ಸೆಯಿಂದ ಹೇಳಿದರು. ನನ್ನ ಕರಪತ್ರದ ಎರಡು ಕತ್ತಿಗಳು ಈಗ ಬೇರೆಯವರ ಕರಪತ್ರಗಳಿಗೂ ಹೋಗಿವೆ.

ಅಂದಿನಿಂದ ಹಲವರು ಹಲವು ಸಲಹೆ ಕೊಟ್ಟರು. ಅರ್ಥವನ್ನು ಮೊದಲೇ ಬರೆದು ತರುವಂತೆ ಹೇಳಿ ಎಂದರು ಒಬ್ಬ ಸಹೋದ್ಯೋಗಿಗಳು. ಹಾಗೆ ಮಾಡಿದರೆ ಜಗಳವೇನೋ ಆಗದು, ತಾಳಮದ್ದಲೆಯೂ ಆಗದು. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಗಳಲ್ಲಿ ಮಾತನ್ನು ಕೈಬಿಟ್ಟರು. ಹಾಡು ಕುಣಿತಗಳಿದ್ದುದರಿಂದ ಅವರಿಗೆ ಅದು ಸಾಧ್ಯವಾಯಿತು. ಮಾತೊಂದೇ ಬಂಡವಾಳವಾದ ಕಡೆ ಅದಕ್ಕೆ ಬೀಗ ಹಾಕಿದರೆ ಉಳಿಯುವುದೇನು? ಸಭೆಯಲ್ಲಿ ಸ್ವಯಂಸೇವಕರನ್ನು ನಿಲ್ಲಿಸಿ ಎಂದವರೂ ಉಂಟು. ಈ ಉಪಾಯ ಬಹಳ ಹಳೆಯದು. ಅದರ ಫಲವನ್ನೂ ನಮ್ಮ ಹಿರಿಯರು ಬರೆದಿಟ್ಟಿದ್ದಾರೆ.

ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವನ್ನು ನಾವು ತರಗತಿಯಲ್ಲಿ ನಾಟ್ಯೋತ್ಪತ್ತಿಯ ಕಥೆಯೆಂದು ಹೇಳಿ ಮುಗಿಸಿಬಿಡುತ್ತೇವೆ. ಅದು ಮೊಟ್ಟಮೊದಲ ಪ್ರಯೋಗದಲ್ಲಿ ಆದ ಗಲಭೆಯ ಕಥೆಯೂ ಹೌದು. ಇಂದ್ರಧ್ವಜದ ಉತ್ಸವದಲ್ಲಿ ಭರತನ ಮಕ್ಕಳು ಆಡಿ ತೋರಿಸಿದ್ದು ದೈತ್ಯರ ಸೋಲನ್ನು. ದೈತ್ಯರು ಸಭೆಯಲ್ಲಿಯೇ ಇದ್ದರು. ವಿರೂಪಾಕ್ಷನೇ ಮೊದಲಾದವರು ಸಿಟ್ಟಿಗೆದ್ದು ವಿಘ್ನಗಳನ್ನು ಕೂಡಿಕೊಂಡು ನಟರ ಮಾತು, ಚಲನೆ, ನೆನಪು ಎಲ್ಲವನ್ನೂ ಸ್ತಂಭನಗೊಳಿಸಿದರು. ಇಂದ್ರ ಧ್ವಜದ ಕೋಲನ್ನೇ ಕಿತ್ತು ಅವರನ್ನು ಬಡಿದು ಜರ್ಜರಗೊಳಿಸಿದ. ಆ ಕೋಲಿಗೆ ಜರ್ಜರವೆಂದೇ ಹೆಸರಾಯಿತು. ಉಳಿದವರು ಮತ್ತೆ ಬಂದರು. ವಿಶ್ವಕರ್ಮ ಗಟ್ಟಿಯಾದ ನಾಟ್ಯಗೃಹವನ್ನು ಕಟ್ಟಿದ. ಮೂಲೆಮೂಲೆಗೆ ದೇವತೆಗಳನ್ನು ಕಾವಲಿಟ್ಟರು. ಆಗಲೂ ದೇವತೆಗಳಿಗೆ ಧೈರ್ಯ ಬರಲಿಲ್ಲ. ಮೊದಲು ಸಾಮವನ್ನು ಪ್ರಯೋಗಿಸಬೇಕೆಂದು ಬ್ರಹ್ಮನನ್ನು ಬೇಡಿದರು. ಬ್ರಹ್ಮ ಆ ದೈತ್ಯರನ್ನು ಕರೆದು, ಏಕೆ ಕೆಡಿಸುತ್ತೀರಿ ಎಂದು ಕೇಳಿದ. ಅಲ್ಲಿಯವರೆಗೆ ಯಾರೂ ಅವರನ್ನು ಕೇಳಿರಲಿಲ್ಲವೆಂಬುದನ್ನು ಗಮನಿಸಬೇಕು. ದೇವತೆಗಳೂ ನಾವೂ ನಿನ್ನಿಂದಲೇ ಹುಟ್ಟಿದವರು; ನಮ್ಮನ್ನು ಮಾತ್ರ ಹೀಗೆ ಅವಮಾನಿಸಬಹುದೆ ಎಂಬುದು ವಿರೂಪಾಕ್ಷನ ದೂರು. ನಾಟ್ಯ ಒಬ್ಬರ ಪರವಾದದ್ದಲ್ಲ, ಮೂರು ಲೋಕದ ಭಾವಗಳ ಅನುಕೀರ್ತನ ಎಂದು ಬ್ರಹ್ಮ ಅವರನ್ನು ಸಮಾಧಾನಪಡಿಸಿದ. ನಾವು ಇಷ್ಟೊಂದು ಉದಾತ್ತವೆಂದು ಹೇಳಿಕೊಡುವ ಆ ಲಕ್ಷಣವಾಕ್ಯ ಮುನಿದ ಪ್ರೇಕ್ಷಕನಿಗೆ ಕೊಟ್ಟ ಉತ್ತರವಾಗಿ ಹುಟ್ಟಿತೆಂಬುದನ್ನು ನಾನು ಇಷ್ಟು ವರ್ಷ ವಿದ್ಯಾರ್ಥಿಗಳಿಗೆ ಒತ್ತಿ ಹೇಳಿದವನಲ್ಲ.

ಕುಲಶೇಖರ ಆಳ್ವಾರರ ಕಥೆಯನ್ನು ಶ್ರೀವೈಷ್ಣವ ಮನೆಗಳಲ್ಲಿ ಬೆಳೆದವರು ಬಲ್ಲರು. ರಾಮಾಯಣದ ಉಪನ್ಯಾಸವನ್ನು ಕೇಳುತ್ತಿದ್ದ ಆ ಕೇರಳದ ಅರಸ, ಖರನ ಹದಿನಾಲ್ಕು ಸಾವಿರ ರಾಕ್ಷಸರಿಗೆ ರಾಮನೊಬ್ಬನೇ ಎದುರಾದನೆಂಬಲ್ಲಿಗೆ ಕಥೆ ಬಂದಾಗ ಎದ್ದು ನಿಂತು, ರಾಮನ ನೆರವಿಗೆ ಸೈನ್ಯ ಹೊರಡಲೆಂದು ಅಪ್ಪಣೆ ಮಾಡಿದನಂತೆ. ಕಥೆ ಹೇಳುವವರು ಇದು ಎಂದೋ ಆಗಿಹೋದ ಸಂಗತಿ, ಕುಳಿತುಕೊಳ್ಳಿ ಎನ್ನಲಿಲ್ಲ. ರಾಮ ಒಬ್ಬನೇ ಅವರನ್ನೆಲ್ಲ ಕೊಂದು ಬಂದುದನ್ನೂ ಸೀತೆ ಅವನನ್ನು ಅಪ್ಪಿಕೊಂಡು ಗಾಯಗಳನ್ನು ಉಪಚರಿಸಿದುದನ್ನೂ ಕೂಡಲೆ ಹೇಳಿದರು. ಸೈನ್ಯ ನಿಂತಿತು. ನಮ್ಮ ಭಾಗವತರು ಆ ಸಂಜೆ ಮಾಡಿದುದೂ ಇದೇ ಕೆಲಸ. ಕಥೆಯೊಳಗೆ ಹೊತ್ತಿದ್ದನ್ನು ಕಥೆಯೊಳಗೇ ನಿಂತು ಆರಿಸಿದರು. ನಾನು ಧ್ವನಿವರ್ಧಕವನ್ನು ಹಿಡಿದಿದ್ದರೆ ಸಭೆ ಸುಮ್ಮನಾಗುತ್ತಿತ್ತೇನೋ. ಆದರೆ ಆ ಇಬ್ಬರೂ ಮುನ್ನೂರು ಜನರೆದುರು ಜಗಳಗಂಟರೆಂದು ಗೊತ್ತಾದವರಾಗಿ ಮನೆಗೆ ಹೋಗುತ್ತಿದ್ದರು. ಕ್ಷಮೆ ಕೇಳಲು ಹಿರಿಯರಿಗೆ ಬಾಯಿ ಬರುತ್ತಿರಲಿಲ್ಲ, ವಾಲಿಗೆ ಬಂತು.

ಇನ್ನೂ ಒಂದು ಅನುಕೂಲ ಈ ಕಲೆಗುಂಟು. ನ್ಯಾಯಶಾಸ್ತ್ರದವರು ಸಂಭಾಷಣೆಯನ್ನು ವಾದ, ಜಲ್ಪ, ವಿತಂಡವೆಂದು ವಿಭಾಗಿಸುತ್ತಾರೆ: ತತ್ತ್ವ ತಿಳಿಯಲು ಆಡುವುದು ವಾದ, ಗೆಲ್ಲಲು ಆಡುವುದು ಜಲ್ಪ, ಎದುರಿನವನನ್ನು ಕೆಡಹಲು ಮಾತ್ರ ಆಡುವುದು ವಿತಂಡ. ಅರ್ಥಗಾರಿಕೆಯಲ್ಲಿ ಗೆಲುವನ್ನು ಪ್ರಸಂಗ ಮೊದಲೇ ತೀರ್ಮಾನಿಸಿಬಿಟ್ಟಿದೆ. ವಾಲಿ ಎಷ್ಟು ಚೆನ್ನಾಗಿ ಮಾತನಾಡಿದರೂ ಸಾಯತಕ್ಕವನೇ. ಸಂಧಾನದಲ್ಲಿ ಕೃಷ್ಣ ಎಷ್ಟು ಬೇಡಿದರೂ ಕೌರವ ಭೂಮಿ ಕೊಡತಕ್ಕವನಲ್ಲ. ಗೆಲ್ಲುವ ಹಾದಿಯೇ ಇಲ್ಲದಿರುವುದರಿಂದ ಇಬ್ಬರೂ ಸಂಕೋಚವಿಲ್ಲದೆ ರಾಮನ ನ್ಯಾಯವನ್ನಾಗಲಿ ಕೃಷ್ಣನ ನಡತೆಯನ್ನಾಗಲಿ ಪ್ರಶ್ನಿಸಬಹುದು. ಹೊರಗೆ ಬೀದಿಯಲ್ಲಿ ಕೇಳಿದರೆ ತಲೆ ಒಡೆಯುವಂಥ ಪ್ರಶ್ನೆಗಳನ್ನು ದೇವಸ್ಥಾನದ ಪ್ರಾಂಗಣದಲ್ಲಿ, ಭಕ್ತರ ನಡುವೆ ಕುಳಿತು, ನಮ್ಮ ಅರ್ಥಧಾರಿಗಳು ತಲೆಮಾರುಗಳಿಂದ ಕೇಳುತ್ತ ಬಂದಿದ್ದಾರೆ. ಈ ಸ್ವಾತಂತ್ರ್ಯ ಎಷ್ಟು ದೊಡ್ಡದೆಂಬುದು ಈ ದಿನಗಳಲ್ಲಿ ಹೇಳಿ ತಿಳಿಸಬೇಕಾದುದಲ್ಲ. ನಾನು ಮಾಡಿದ್ದೇನೆಂದರೆ, ಗೆಲುವಿಗೆ ಎಡೆಯಿಲ್ಲದಲ್ಲಿ ಗೆಲುವನ್ನು ಪಣವಾಗಿ ಇಟ್ಟದ್ದು. ಎರಡು ಮೇಳಗಳನ್ನು ಒಂದೇ ಬಯಲಿನಲ್ಲಿ ಪಕ್ಕಪಕ್ಕದ ರಂಗಸ್ಥಳಗಳಲ್ಲಿ ಕುಣಿಸುವ ಜೋಡಾಟದ ಜಿದ್ದನ್ನು ಟೀಕಿಸಿ ನಾನೇ ಒಮ್ಮೆ ಭಾಷಣ ಮಾಡಿದ್ದೆ!

ಗಲಭೆಗೆ ಆಟದೊಳಗೇ ಸ್ಥಾನ ಕೊಟ್ಟ ಕಲೆಗಳೂ ನಮ್ಮಲ್ಲುಂಟು. ಅವಧಾನದಲ್ಲಿ ಅಪ್ರಸ್ತುತಪ್ರಸಂಗಿಯೆಂದು ಒಬ್ಬನನ್ನು ಕೂರಿಸುತ್ತಾರೆ. ಅವಧಾನಿಯ ಏಕಾಗ್ರತೆಯನ್ನು ಕೆಡಿಸುವುದೇ ಅವನ ಕೆಲಸ. ಕೀಟಲೆಗೆ ಒಂದು ಕುರ್ಚಿ ಗೊತ್ತಾದ ಮೇಲೆ ಸಭೆಯ ಉಳಿದವರಿಗೆ ಆ ಚಪಲ ಅಷ್ಟಾಗಿ ಹುಟ್ಟದು. ಬ್ರೆಜಿಲಿನ ಆಗಸ್ಟೊ ಬೋಆಲ್ (1931–2009) ಪ್ರೇಕ್ಷಕನೇ ಎದ್ದು ಬಂದು ನಟನ ಜಾಗದಲ್ಲಿ ನಿಂತು ಕಥೆಯನ್ನು ಬದಲಿಸುವ ರಂಗಭೂಮಿಯನ್ನು ಕಟ್ಟಿದಾಗ, ಸಭೆಗೂ ರಂಗಕ್ಕೂ ನಡುವೆ ನಿಂತು ನಡೆಸಿಕೊಡುವ ಒಬ್ಬನ ಅಗತ್ಯ ಅವನಿಗೆ ಕಂಡಿತು. ಅವನಿಗೆ ಜೋಕರ್ ಎಂದು ಹೆಸರಿಟ್ಟ. ನಮ್ಮ ಭಾಗವತರಿಗೆ ಆ ಹೆಸರು ಹಿಡಿಸಲಾರದು, ಕೆಲಸ ಪರಿಚಿತವೆನಿಸೀತು.

ಆದರೂ ಹಾಡಿನಿಂದ ಎಲ್ಲವೂ ಆರುವುದೆಂದು ನಾನು ಹೇಳಲಾರೆ. 1968ರಲ್ಲಿ ನ್ಯೂಯಾರ್ಕಿನ ಒಂದು ಹಳೆಯ ಗ್ಯಾರೇಜಿನಲ್ಲಿ ರಿಚರ್ಡ್ ಶೆಕ್ನರ್ ಎಂಬ ನಿರ್ದೇಶಕನ ತಂಡ ಯೂರಿಪಿಡೀಸನ ಗ್ರೀಕ್ ನಾಟಕವೊಂದನ್ನು ‘ಡಯೊನೈಸಸ್ ಇನ್ 69’ ಎಂಬ ಹೆಸರಿನಲ್ಲಿ ಆಡಿತು. ಪ್ರೇಕ್ಷಕರಿಗೆ ಬೇರೆ ಜಾಗವೇ ಇರಲಿಲ್ಲ. ನಟರ ನಡುವೆಯೇ ಕುಳಿತರು, ಸೇರಿ ಕುಣಿದರು. ಒಂದು ರಾತ್ರಿ ಕೆಲವು ವಿದ್ಯಾರ್ಥಿಗಳು, ಬಲಿಯಾಗಬೇಕಾಗಿದ್ದ ಪೆಂಥ್ಯೂಸನ ಪಾತ್ರಧಾರಿಯನ್ನು ‘ಉಳಿಸಲು’ ಎತ್ತಿಕೊಂಡು ಹೊರಗೆ ಹೊರಟರು. ಸಭೆಯಲ್ಲಿದ್ದ ಒಬ್ಬ ಆ ಪಾತ್ರಕ್ಕೆ ಮುಂದೆ ಬಂದು ಆಟ ಮುಗಿಯಿತು. ಇದನ್ನು ಕುಲಶೇಖರನ ಕಥೆಯ ಸಾಲಿಗೆ ಸೇರಿಸಬಹುದು. ಅದೇ ನಾಟಕದಲ್ಲಿ ನಟರೂ ಪ್ರೇಕ್ಷಕರೂ ಒಬ್ಬರನ್ನೊಬ್ಬರು ಸ್ಪರ್ಶಿಸುವ ದೃಶ್ಯವೊಂದಿತ್ತು. ಕೆಲವು ಪ್ರೇಕ್ಷಕರು ಅದನ್ನು ನಟಿಯರ ಮೇಲೆ ಕೈಮಾಡುವ ಪರವಾನಗಿಯೆಂದು ತಿಳಿದರು. ಅದಕ್ಕೆ ಯಾವ ಚಾತುರ್ಯವೂ ಮದ್ದಾಗಲಿಲ್ಲ. ಕೊನೆಗೆ ಆ ದೃಶ್ಯವನ್ನೇ ಕೈಬ���ಟ್ಟರು. ಈಗ ನಮ್ಮಲ್ಲಿಯೂ ಹೆಣ್ಣುಮಕ್ಕಳ ತಾಳಮದ್ದಲೆ ತಂಡಗಳು ಬಂದಿವೆ. ಸೀತೆಯ ಅರ್ಥ ಹೇಳುತ್ತಿರುವ ಹುಡುಗಿಯ ಮೇಲೆ ಹಿಂದಿನ ಸಾಲಿನಿಂದ ಕೊಳಕು ಮಾತೊಂದು ಬಿದ್ದರೆ ಭಾಮಿನಿ ಹಾಡಿ ಕೂರತಕ್ಕದ್ದಲ್ಲ. ದೀಪ ಹಾಕಿಸಿ, ಆಡಿದವನನ್ನು ಎಬ್ಬಿಸಿ ಹೊರಗೆ ಕಳುಹಿಸಬೇಕು. ಆಗ ಧ್ವನಿವರ್ಧಕದ ಬಳಿಗೆ ಓಡಬೇಕಾದವನು ನಾನೇ. ಒಳಗಿನವರಿಬ್ಬರ ನೋವು ಯಾವುದು, ಹೊರಗಿನವನ ಪುಂಡಾಟಿಕೆ ಯಾವುದು ಎಂಬ ವಿವೇಕ ಏರ್ಪಡಿಸುವವನಿಗೆ ಬೇಕು. ಅಂದು ನಾನು ಎರಡನ್ನೂ ಒಂದೇ ಎಂದೆಣಿಸಿದೆ.

ಈಗಿನ ಏರ್ಪಾಡುಗಳಲ್ಲಿ ಭಾಗವತರ ಅಧಿಕಾರ ಕುಗ್ಗುತ್ತಿರುವುದು ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತಂದಿದೆ. ಕರಪತ್ರದಲ್ಲಿ ಅರ್ಥಧಾರಿಗಳ ಭಾವಚಿತ್ರ. ಭಾಗವತರ ಹೆಸರು ಕೆಳಗೆ ಸಣ್ಣಕ್ಷರದಲ್ಲಿ. ಮಾತು ಎಳೆದಾಗ ಅವರು ಪದ್ಯ ಎತ್ತಿದರೆ ಸಭೆ ಗೊಣಗುತ್ತದೆ. ಅರ್ಥಧಾರಿಯೇ ಕೈ ತೋರಿಸಿ ತಡೆಯುವುದೂ ಉಂಟು. ನಾವು ಸಂಭಾವನೆ ಕೊಡುವಾಗಲೂ ಆ ತಾರತಮ್ಯವನ್ನೇ ಪಾಲಿಸುತ್ತೇವೆ. ಈ ಸಲ ನಮ್ಮ ಸಂಘ ಕೆಲವು ತೀರ್ಮಾನಗಳನ್ನು ಮಾಡಿದೆ. ಪದ್ಯ ಎತ್ತಿದೊಡನೆ ಮಾತು ನಿಲ್ಲತಕ್ಕದ್ದೆಂದು ಕರೆಯುವಾಗಲೇ ಇಬ್ಬರಿಗೂ ತಿಳಿಸಿದ್ದೇವೆ. ಇಬ್ಬರಿಗೂ ಒಂದೇ ಮಾತಿನಲ್ಲಿ, ಒಂದೇ ಕಾಗದದಲ್ಲಿ. ತಾಳಮದ್ದಲೆಗೆ ಒಂದು ವಾರ ಮೊದಲು ವಿದ್ಯಾರ್ಥಿಗಳನ್ನು ಕೂಡಿಸಿ ಪ್ರಸಂಗವನ್ನು ಓದಿಸುತ್ತಿದ್ದೇನೆ. ಕಥೆ ತಿಳಿದವನಿಗೆ ಶಿಳ್ಳೆಯ ಅಗತ್ಯ ಕಡಿಮೆಯೆಂಬ ನನ್ನ ನಂಬಿಕೆ ನಿಜವೋ ಸುಳ್ಳೋ ನೋಡಬೇಕು. ಮೊಬೈಲನ್ನು ನಿಷೇಧಿಸಿಲ್ಲ, ನಿಷೇಧಿಸಿದರೂ ನಡೆಯದು. ಚಿತ್ರಿಸಿದವರು ಪೂರ್ತಿ ಚಿತ್ರಿಸಿ ಎಂದು ಕೇಳಿಕೊಂಡಿದ್ದೇವೆ. ಕಳೆದ ವರ್ಷದ ಆ ಹುಡುಗನೇ ಆ ಹೊಣೆಯನ್ನು ತಾನಾಗಿ ವಹಿಸಿಕೊಂಡಿದ್ದಾನೆ.

ಎರಡು ವಾರದ ಕೆಳಗೆ ಹಿರಿಯರ ಮನೆಗೆ ಹೋಗಿದ್ದೆ. ಕಳೆದ ವರ್ಷ ನಾನು ಇಬ್ಬರಿಗೂ ಹೇಳಿದ್ದ ಮಾತುಗಳನ್ನು ಇದ್ದುದಿದ್ದಂತೆ ಒಪ್ಪಿಸಿ ಕ್ಷಮೆ ಕೇಳಿದೆ. ಅವರು ಎಲೆಯಡಕೆಯ ಹರಿವಾಣವನ್ನು ನನ್ನ ಕಡೆ ಸರಿಸಿದರು. ಬಹಳ ಹೊತ್ತು ಏನೂ ಹೇಳಲಿಲ್ಲ. ಈ ಸಲದ ಪ್ರಸಂಗ ಕೃಷ್ಣಸಂಧಾನ, ಕೌರವನ ಅರ್ಥಕ್ಕೆ ತಾವೇ ಬರಬೇಕು ಎಂದೆ. ಕೃಷ್ಣ ಯಾರೆಂದು ಕೇಳುವರೆಂದು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅದೇ ತರುಣರು ಎಂದು ಹೇಳಲು ಸ್ವಲ್ಪ ಅಳುಕೂ ಇತ್ತು. ಅವರು ಕೇಳಿದ್ದು ಬೇರೆ.

"ಭಾಗವತಿಕೆ ಯಾರದು?"

ಹೇಳಿದೆ. ಗೋಡೆಯ ಮೊಳೆಗೆ ತೂಗುಹಾಕಿದ್ದ ಪಂಚಾಂಗವನ್ನು ತರಲು ಮೊಮ್ಮಗಳನ್ನು ಕೂಗಿದರು.